ಹಂಚಿಕೆಯ ಫೋಲ್ಡರ್‌ನಿಂದ ಕಡತಗಳು ಮಾಯವಾಗುವುದೇಕೆ?

ಓದುಗರ ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಕಾರ್ಯದರ್ಶಿ ನಾನು. ಕಚೇರಿಯಲ್ಲಿ ನಾಲ್ವರು, ಎರಡು ಖರೀದಿ ಕೇಂದ್ರಗಳಲ್ಲಿ ಮೂವರು ಇದ್ದೇವೆ. ಖರೀದಿ ವಹಿ, ಸಭೆಯ ನಡಾವಳಿ, ಸದಸ್ಯರ ಪಹಣಿ, ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳು, ಎಲ್ಲವೂ ನಾನು ಗೂಗಲ್ ಡ್ರೈವ್‌ನಲ್ಲಿ ತೆರೆದ ಒಂದು ಫೋಲ್ಡರ್‌ನಲ್ಲಿವೆ. ಎಲ್ಲರೂ ಅವರವರ ಜಿಮೇಲ್‌ನಿಂದಲೇ ಬಳಸುತ್ತಾರೆ. ಈಚೆಗೆ ಲೆಕ್ಕಪರಿಶೋಧಕರು ಎರಡು ವರ್ಷ ಹಿಂದಿನ ಖರೀದಿ ವಹಿ ಕೇಳಿದಾಗ ಅದು ಫೋಲ್ಡರ್‌ನಲ್ಲಿ ಇರಲಿಲ್ಲ. ಆಗ ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾನೆ. ಸಂಘದ ಫೋಲ್ಡರ್ ಮುಟ್ಟಿಲ್ಲ, ಜಾಗ ತುಂಬಿದ್ದರಿಂದ ತನ್ನ ಡ್ರೈವ್ ಅಷ್ಟೇ ಖಾಲಿ ಮಾಡಿದೆ ಎನ್ನುತ್ತಾನೆ. ನಿರ್ದೇಶಕರೊಬ್ಬರು ಯಾರೋ ಹ್ಯಾಕ್ ಮಾಡಿದ್ದಾರೆ ಎನ್ನುತ್ತಾರೆ; ಇನ್ನೊಬ್ಬರು ದುಡ್ಡು ಕಟ್ಟದವರ ಕಡತಗಳನ್ನು ಗೂಗಲ್‌ನವರೇ ಅಳಿಸುತ್ತಾರೆ ಎನ್ನುತ್ತಾರೆ. ಉಳಿದ ವಹಿಗಳಲ್ಲೂ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ 2’ ಎಂದು ಮೂರು ಮೂರು ಪ್ರತಿಗಳಿದ್ದು ಮೊತ್ತಗಳು ತಾಳೆಯಾಗುತ್ತಿಲ್ಲ. ಕಚೇರಿಯಲ್ಲೇ ಸರ್ವರ್ ಹಾಕಿಸುವುದೋ, ಹಣ ಕೊಟ್ಟು ದೊಡ್ಡ ವ್ಯವಸ್ಥೆ ತೆಗೆದುಕೊಳ್ಳುವುದೋ, ಕಾಗದದ ವಹಿಗೇ ಮರಳುವುದೋ ತಿಳಿಯದಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು, ಕಾಣೆಯಾದ ವಹಿ. ಎರಡು, ಒಂದೇ ವಹಿಯ ಹಲವು ಪ್ರತಿಗಳು. ಮೂರನೆಯದನ್ನು ನೀವು ತೊಂದರೆಯೆಂದು ಎಣಿಸಿಲ್ಲ, ಆದರೆ ನನಗೆ ಹೆಚ್ಚು ಕಳವಳ ತಂದಿರುವುದು ಅದೇ. ಸದಸ್ಯರ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳು ಏಳು ಜನರ ಸ್ವಂತ ಖಾತೆಗಳಿಗೆ ತೆರೆದುಕೊಂಡಿವೆ. ಮೂರಕ್ಕೂ ಮೂಲ ಕಾರಣ ಒಂದೇ. ಸಂಘದ ಕಡತಗಳಿಗೆ ಸಂಘವು ಒಡೆಯನಾಗಿಲ್ಲ.

ಮೊದಲು ಆ ಹುಡುಗನ ವಿಷಯ. ಅವನು ಹೇಳುತ್ತಿರುವುದು ನಿಜವೇ ಇರಬೇಕು ಎಂಬುದು ನನ್ನ ಅಂದಾಜು. ಅವನು ಖಾಲಿ ಮಾಡಿದ್ದು ತನ್ನದನ್ನೇ. ಆದರೆ ಗೂಗಲ್‌ನ ಲೆಕ್ಕದಲ್ಲಿ ಸಂಘದ ಖರೀದಿ ವಹಿಯೂ ಅವನದೇ ಆಗಿತ್ತು. ಸಾಮಾನ್ಯ ಜಿಮೇಲ್ ಖಾತೆಗಳ ಡ್ರೈವ್‌ನಲ್ಲಿ ಫೋಲ್ಡರ್‌ಗೆ ಒಬ್ಬ ಒಡೆಯ, ಅದರೊಳಗಿನ ಒಂದೊಂದು ಕಡತಕ್ಕೂ ಅದನ್ನು ತೆರೆದವರು ಅಥವಾ ಏರಿಸಿದವರು ಬೇರೆಯೇ ಒಡೆಯರು. ನಿಮ್ಮ ಗೋದಾಮಿನಲ್ಲಿ ಹಲವು ಬೆಳೆಗಾರರ ಅಡಿಕೆ ಚೀಲಗಳು ಒಟ್ಟಿಗೇ ಇದ್ದರೂ ಪ್ರತಿ ಚೀಲದ ಮೇಲೆ ಅವರವರ ಗುರುತು ಇರುವ ಹಾಗೆ. ಫೋಲ್ಡರ್ ತೆರೆದದ್ದು ನೀವಾದ ಮಾತ್ರಕ್ಕೆ ಒಳಗಿನ ಕಡತಗಳು ನಿಮ್ಮವಾಗುವುದಿಲ್ಲ. ಅವು ಹಿಡಿಯುವ ಜಾಗವನ್ನೂ ನಿಮ್ಮ ಖಾತೆಯಲ್ಲಿ ಎಣಿಸದೆ ಅವರವರ ಖಾತೆಯಲ್ಲೇ ಎಣಿಸಲಾಗುತ್ತದೆ. ಉಚಿತ ಖಾತೆಗೆ ಇರುವುದು 15 ಜಿಬಿ. ಅದರಲ್ಲೇ ಮೇಲ್, ಫೋಟೋ, ಡ್ರೈವ್ ಮೂರೂ ಹೊಂದಿಕೊಳ್ಳಬೇಕು. ಊರಿನ ಹಬ್ಬ, ಮದುವೆಗಳ ವಿಡಿಯೋ ತುಂಬಿ ಮೇಲ್ ಬರುವುದೇ ನಿಂತಾಗ ಯಾರಾದರೂ ಹಳೆಯದನ್ನು ಅಳಿಸುತ್ತಾರೆ. ಹಾಗೆ ಅಳಿಸುವಾಗ, ಮುಗಿದುಹೋದ ವರ್ಷದ ಖರೀದಿ ವಹಿ ಬೇಡದ ವಸ್ತುವಿನ ಹಾಗೆಯೇ ಕಾಣುತ್ತದೆ.

ಹ್ಯಾಕಿಂಗ್‌ನ ಮಾತು ಬಹುಮಟ್ಟಿಗೆ ಬದಿಗಿಡಬಹುದು. ಪಾಸ್‌ವರ್ಡ್ ಕದ್ದವನು ಅಡಿಕೆ ಖರೀದಿಯ ಒಂದು ವರ್ಷದ ವಹಿಯನ್ನಷ್ಟೇ ಆರಿಸಿ ಅಳಿಸುವುದಿಲ್ಲ. ದುಡ್ಡು ಕಟ್ಟದಿದ್ದರೆ ಗೂಗಲ್ ಅಳಿಸುತ್ತದೆ ಎಂಬುದರಲ್ಲಿ ಮಾತ್ರ ಅರ್ಧ ಸತ್ಯವಿದೆ. ದಿನನಿತ್ಯ ಬಳಕೆಯಲ್ಲಿರುವ, 15 ಜಿಬಿಯೊಳಗಿನ ಉಚಿತ ಖಾತೆಯ ಕಡತಗಳನ್ನು ಅದು ತಾನಾಗಿ ಅಳಿಸುವುದಿಲ್ಲ. ಆದರೆ ಎರಡು ವರ್ಷ ಯಾರೂ ಬಳಸದೆ ಬಿಟ್ಟ ಸ್ವಂತ ಖಾತೆಯನ್ನು ಒಳಗಿರುವುದೆಲ್ಲದರ ಸಹಿತ ಅಳಿಸಬಹುದೆಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಮಿತಿ ಮೀರಿದ ಸ್ಥಿತಿಯಲ್ಲೇ ಎರಡು ವರ್ಷ ಮುಂದುವರಿದ ಖಾತೆಗೂ ಅಂಥದೇ ಅಪಾಯವಿದೆ. ಕೆಲಸ ಬಿಟ್ಟವರು ಹೊಸ ಫೋನು, ಹೊಸ ಜಿಮೇಲ್ ಮಾಡಿಕೊಂಡು ಹಳೆಯದನ್ನು ಮರೆಯುವುದು ಸಾಮಾನ್ಯ. ಅಂಥ ಖಾತೆಯ ಒಡೆತನದಲ್ಲಿ ಸಂಘದ ಕಡತಗಳಿದ್ದರೆ ಯಾರೂ ಏನೂ ಅಳಿಸದೆಯೂ ಅವು ಒಂದು ದಿನ ಹೋಗುತ್ತವೆ.

ಈಗ ತಕ್ಷಣ ಮಾಡಬೇಕಾದದ್ದು. ಒಡೆಯನು ಅಳಿಸಿದ ಕಡತವು ಅವನ ಟ್ರ್ಯಾಶ್‌ನಲ್ಲಿ, ಅಂದರೆ ಡ್ರೈವ್‌ನ ಕಸದ ಬುಟ್ಟಿಯಲ್ಲಿ, 30 ದಿನ ಇದ್ದು ಆಮೇಲೆ ತಾನಾಗಿ ಹೋಗುತ್ತದೆ. 2020ರ ಅಕ್ಟೋಬರ್‌ಗೆ ಮೊದಲು ಟ್ರ್ಯಾಶ್‌ನಲ್ಲಿದ್ದದ್ದು ನಾವೇ ಖಾಲಿ ಮಾಡುವವರೆಗೂ ಉಳಿಯುತ್ತಿತ್ತು. ಹಲವರು ಇಂದಿಗೂ ಅದೇ ನಂಬಿಕೆಯಲ್ಲಿದ್ದಾರೆ. ಆ ಹುಡುಗನಿಗೆ ಫೋನ್ ಮಾಡುವಾಗ ದೂರುವ ದನಿ ಬೇಡ. ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದು ಟ್ರ್ಯಾಶ್ ನೋಡುವಂತೆ, ವಹಿ ಅಲ್ಲಿದ್ದರೆ ಮರಳಿಸುವಂತೆ ಕೇಳಿ. ಅವಧಿ ಮೀರಿದ್ದರೆ ಅಲ್ಲಿ ಸಿಗುವ ಆಸೆ ಬಿಡಬೇಕು. ಆದರೆ ಅಳಿಸಲಾಗಿದೆ ಎಂದು ತೀರ್ಮಾನಿಸುವ ಮೊದಲು ಇನ್ನೆರಡು ಸಾಧ್ಯತೆಗಳನ್ನು ಪರೀಕ್ಷಿಸಿ, ಏಕೆಂದರೆ ಕಾಣೆಯಾದುದೆಂದು ಜನ ತಂದು ತೋರಿಸುವ ಕಡತಗಳಲ್ಲಿ ನಿಜವಾಗಿ ಅಳಿದವು ಕಡಿಮೆ.

ಒಂದು, ಎಡಿಟರ್ ಅನುಮತಿ, ಅಂದರೆ ತಿದ್ದುವ ಹಕ್ಕು, ಉಳ್ಳ ಯಾರೋ ಮೌಸ್ ಜಾರಿ ಕಡತವನ್ನು ಪಕ್ಕದ ಫೋಲ್ಡರ್‌ಗೆ ಎಳೆದು ಹಾಕಿರಬಹುದು. ಎರಡು, ಫೋಲ್ಡರ್ ಚೊಕ್ಕ ಮಾಡುವ ಉತ್ಸಾಹದಲ್ಲಿ ಇನ್ನೊಬ್ಬರ ಕಡತವನ್ನು ಯಾರೋ ತೆಗೆದುಹಾಕಿರಬಹುದು. ಹಾಗೆ ತೆಗೆದಾಗ ಕಡತ ಅಳಿಯುವುದಿಲ್ಲ. ಫೋಲ್ಡರ್‌ನಿಂದ ಕಳಚಿಕೊಂಡು ಒಡೆಯನ ಡ್ರೈವ್‌ಗೆ ಮರಳಿ ಅಲ್ಲಿ ದಿಕ್ಕಿಲ್ಲದೆ ಬಿದ್ದಿರುತ್ತದೆ. ಆದ್ದರಿಂದ ಸಂಘದ ಫೋಲ್ಡರ್ ಆರಿಸಿ, ಮೇಲ್ಗಡೆ ಬಲಬದಿಯ ಮಾಹಿತಿ ಗುರುತನ್ನು ಒತ್ತಿ, ಆಕ್ಟಿವಿಟಿ ಎಂಬ ಭಾಗವನ್ನು ತೆರೆಯಿರಿ. ಯಾರು ಯಾವ ದಿನ ಯಾವ ಕಡತವನ್ನು ಎಲ್ಲಿಂದ ಎಲ್ಲಿಗೆ ಸರಿಸಿದರು, ಯಾವುದನ್ನು ತೆಗೆದರು ಎಂಬುದು ಅಲ್ಲಿ ಹೆಸರಿನ ಸಮೇತ ಇರುತ್ತದೆ. ಅದರ ಜೊತೆಗೆ ಏಳೂ ಜನ ತಮ್ಮ ತಮ್ಮ ಡ್ರೈವ್‌ನ ಹುಡುಕು ಪೆಟ್ಟಿಗೆಯಲ್ಲಿ, ವಹಿಯ ಒಳಗಷ್ಟೇ ಬರುವ ಒಂದು ಪದವನ್ನು, ಉದಾಹರಣೆಗೆ ಒಬ್ಬ ಸದಸ್ಯರ ಊರಿನ ಅಪರೂಪದ ಹೆಸರನ್ನು ಕೊಟ್ಟು ಹುಡುಕಲಿ. ಕಡತದ ಹೆಸರು ಬದಲಾಗಿದ್ದರೂ ಒಳಗಿನ ಪದ ಸಿಗುತ್ತದೆ. ಹಳೆಯ ಮೇಲ್‌ಗಳ ಲಗತ್ತು, ಲೆಕ್ಕಪರಿಶೋಧಕರ ಕಂಪ್ಯೂಟರ್, ವಾಟ್ಸ್ಆ್ಯಪ್ ಗುಂಪಿನ ಡಾಕ್ಯುಮೆಂಟ್‌ಗಳ ಪಟ್ಟಿ, ಇವನ್ನೂ ನೋಡಿ.

ಇನ್ನು ಮೂರು ‘ಫೈನಲ್’ಗಳ ವಿಷಯ. ಇದರ ಹುಟ್ಟು ಮಲೆನಾಡಿನ ಕಚೇರಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಆಗುತ್ತದೆ. ಖರೀದಿ ಕೇಂದ್ರದಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲವಾದರೆ ಕರೆಂಟೂ ಇಲ್ಲ. ಕೇಂದ್ರದವರು ಎಕ್ಸೆಲ್ ಕಡತವನ್ನು ಇಳಿಸಿಕೊಂಡು, ಅದರಲ್ಲಿ ಆ ದಿನದ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ತೂಕ ಬರೆದು, ನೆಟ್‌ವರ್ಕ್ ಸಿಕ್ಕ ಕೂಡಲೇ ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಕಚೇರಿಯವರು ಅದನ್ನು ಮತ್ತೆ ಡ್ರೈವ್‌ಗೆ ಏರಿಸುತ್ತಾರೆ. ಅಷ್ಟರಲ್ಲಿ ಇನ್ನೊಂದು ಕೇಂದ್ರದವರು ಹಳೆಯ ಪ್ರತಿಯಲ್ಲೇ ತಮ್ಮ ಸಾಲುಗಳನ್ನು ಸೇರಿಸಿರುತ್ತಾರೆ. ಎರಡೂ ಸರಿ, ಎರಡೂ ಅಪೂರ್ಣ. ಇದು ಶಿಸ್ತಿನ ಕೊರತೆ ಎಂದು ಸಿಬ್ಬಂದಿಯ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೈಗೆ ಸಿಕ್ಕ ದಾರಿಯಲ್ಲಿ ಅವರು ಕೆಲಸ ಮುಗಿಸಿದ್ದಾರೆ. ಏಳು ಜನ ಒಂದೇ ವಹಿಯಲ್ಲಿ ಬರೆಯುವಂತೆ ಮಾಡಿದ ವ್ಯವಸ್ಥೆಯಲ್ಲೇ ದೋಷವಿದೆ.

ಪರಿಹಾರವೆಂದರೆ ಪ್ರತಿ ಖರೀದಿ ಕೇಂದ್ರಕ್ಕೆ ಅದರದೇ ಒಂದು ಗೂಗಲ್ ಶೀಟ್, ಅಂದರೆ ಡ್ರೈವ್‌ನಲ್ಲೇ ಬರೆಯುವ ಎಕ್ಸೆಲ್‌ನಂಥ ಕಡತ. ಆ ಕೇಂದ್ರದವರು ಬರೆಯುವುದು ಅದರಲ್ಲಿ ಮಾತ್ರ. ಕಚೇರಿಯ ಒಟ್ಟು ವಹಿಯು ಎರಡೂ ಶೀಟುಗಳ ಸಾಲುಗಳನ್ನು ಇಂಪೋರ್ಟ್‌ರೇಂಜ್ ಎಂಬ ಸೂತ್ರದಿಂದ ತಾನಾಗಿ ತಂದುಕೊಳ್ಳಲಿ. ಅದರಲ್ಲಿ ಯಾರೂ ಕೈಯಿಂದ ಬರೆಯಬಾರದು. ಫೋನಿನ ಶೀಟ್ಸ್ ಆ್ಯಪ್‌ನಲ್ಲಿ ಆ ಕೇಂದ್ರದ ಕಡತವನ್ನು ಆಫ್‌ಲೈನ್ ಲಭ್ಯ ಎಂದು ಮೊದಲೇ ಗುರುತಿಸಿಟ್ಟರೆ ನೆಟ್‌ವರ್ಕ್ ಇಲ್ಲದೆಯೂ ಬರೆಯಬಹುದು, ಸಂಪರ್ಕ ಬಂದಾಗ ಸಾಲುಗಳು ಏರಿಕೊಳ್ಳುತ್ತವೆ. ಮೊದಲೇ ಎಂಬುದನ್ನು ಗಮನಿಸಿ, ಸಿಗ್ನಲ್ ಹೋದ ಮೇಲೆ ಗುರುತಿಸಲು ಬರುವುದಿಲ್ಲ. ಒಂದು ಕೇಂದ್ರದಲ್ಲಿ ಇಬ್ಬರಿದ್ದರೆ ಬರೆದದ್ದನ್ನು ತಿದ್ದುವ ಬದಲು ಹೊಸ ಸಾಲು ಸೇರಿಸುವ ರೂಢಿ ಮಾಡಿಸಿ. ಒಂದೇ ಚೌಕವನ್ನು ಇಬ್ಬರು ಆಫ್‌ಲೈನ್‌ನಲ್ಲಿ ತಿದ್ದಿದರೆ ಒಬ್ಬರದು ಇನ್ನೊಬ್ಬರದನ್ನು ಮುಚ್ಚಿಹಾಕುತ್ತದೆ. ಗೂಗಲ್ ಫಾರ್ಮ್ಸ್ ಮೂಲಕ ತೂಕ ಬರೆಸಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅದು ನೆಟ್‌ವರ್ಕ್ ಇಲ್ಲದೆ ನಡೆಯುವುದಿಲ್ಲ ಎಂಬುದು ನೆನಪಿರಲಿ.

ಹಳೆಯ ರೂಪ ಬೇಕಾದಾಗ ‘ಫೈನಲ್ 2’ ಎಂದು ಇನ್ನೊಂದು ಕಡತ ಮಾಡುವುದು ಅನಗತ್ಯ. ಗೂಗಲ್ ಶೀಟ್‌ನ ಆವೃತ್ತಿ ಇತಿಹಾಸದಲ್ಲಿ ಯಾವ ದಿನ ಯಾರು ಏನು ತಿದ್ದಿದರು ಎಂಬುದು ಸಿಗುತ್ತದೆ. ತಿಂಗಳ ಲೆಕ್ಕ ಮುಗಿದ ದಿನ ಆ ಆವೃತ್ತಿಗೆ ‘ನವೆಂಬರ್ ಮುಕ್ತಾಯ’ ಎಂದು ಹೆಸರು ಕೊಟ್ಟರೆ ಸಾಕು. ಎಕ್ಸೆಲ್, ಪಿಡಿಎಫ್‌ಗಳನ್ನು ಹಾಗೇ ಏರಿಸಿಟ್ಟಿದ್ದರೆ ಮಾತ್ರ ಎಚ್ಚರ ಬೇಕು. ಅವುಗಳ ಹಳೆಯ ಆವೃತ್ತಿಗಳು 30 ದಿನ ಕಳೆದ ಮೇಲೆ ಅಥವಾ 100 ಆವೃತ್ತಿ ಮೀರಿದಾಗ ಅಳಿಯಬಹುದು. ಉಳಿಸಬೇಕಾದ ಆವೃತ್ತಿಯ ಮೇಲೆ ‘ಶಾಶ್ವತವಾಗಿ ಇರಿಸಿ’ ಎಂಬ ಆಯ್ಕೆಯನ್ನು ನೀವೇ ಒತ್ತಬೇಕು.

ಆಧಾರ್ ಪ್ರತಿಗಳ ವಿಷಯದಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ಸಾಮಾನ್ಯವಾಗಿ ಎಡಿಟರ್ ಅನುಮತಿ ಪಡೆದವರು ತಾವೂ ಇನ್ನೊಬ್ಬರಿಗೆ ಹಂಚಬಲ್ಲರು. ವಿಮೆ ಕಟ್ಟುವ ಕೊನೆಯ ದಿನಗಳ ಅವಸರದಲ್ಲಿ ಯಾರಾದರೂ ಒಬ್ಬರು ‘ಲಿಂಕ್ ಇರುವ ಯಾರಿಗಾದರೂ’ ಎಂದು ಬದಲಿಸಿ ಆ ಲಿಂಕನ್ನು ವಾಟ್ಸ್ಆ್ಯಪ್‌ಗೆ ಹಾಕಿದ್ದರೆ, ಅದು ಇಂದಿಗೂ ತೆರೆದೇ ಇರುತ್ತದೆ. ಲಿಂಕ್ ಕೈಯಿಂದ ಕೈಗೆ ದಾಟಿದಂತೆ ಸದಸ್ಯರ ಖಾತೆ ಸಂಖ್ಯೆಯೂ ದಾಟುತ್ತದೆ. ‘ನೋಡಲು ಮಾತ್ರ’ ಕೊಟ್ಟರೆ ಸುರಕ್ಷಿತ ಎಂಬುದೂ ತಪ್ಪು ತಿಳಿವಳಿಕೆಯೇ. ನೋಡುವವರು ಇಳಿಸಿಕೊಳ್ಳಬಹುದು. ಇಳಿಸುವುದನ್ನು ತಡೆಯುವ ಆಯ್ಕೆ ಇದೆಯಾದರೂ ಪರದೆಯ ಫೋಟೋ ತೆಗೆಯುವುದನ್ನು ಯಾವ ಆಯ್ಕೆಯೂ ತಡೆಯದು.

ಆದ್ದರಿಂದ ಗುರುತಿನ ದಾಖಲೆಗಳಿಗೆ ಪ್ರತ್ಯೇಕ ಫೋಲ್ಡರ್ ಇರಲಿ, ಅದು ಸಂಘದ ದೊಡ್ಡ ಫೋಲ್ಡರ್‌ನ ಒಳಗೆ ಇರಬಾರದು. ಮೇಲಿನ ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನದಕ್ಕೆಲ್ಲ ಇಳಿಯುತ್ತದೆ; ಮೇಲೆ ಧಾರಾಳವಾಗಿ ಕೊಟ್ಟು ಒಳಗೆ ಬಿಗಿ ಮಾಡುವುದಕ್ಕಿಂತ ಮೇಲೆ ಕಡಿಮೆ ಕೊಟ್ಟು ಒಳಗೆ ಅಗತ್ಯವಿದ್ದವರನ್ನು ಸೇರಿಸುವುದು ಸುಲಭ. ಆ ಫೋಲ್ಡರ್ ನಿಮಗೆ ಮತ್ತು ಇನ್ನೊಬ್ಬರಿಗೆ ಮಾತ್ರ ತೆರೆಯಲಿ, ಹಂಚಿಕೆಯ ಸೆಟ್ಟಿಂಗ್‌ನಲ್ಲಿ ಎಡಿಟರ್‌ಗಳು ಅನುಮತಿ ಬದಲಿಸುವುದನ್ನು ಕಿತ್ತುಹಾಕಿ. ಆಧಾರ್ ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪಡೆಯಿರಿ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಮಾಹಿತಿ ಸೋರಿದರೆ ಅದನ್ನು ಸಂಗ್ರಹಿಸಿದ ಸಂಸ್ಥೆಯೇ ಉತ್ತರ ಹೇಳಬೇಕಾಗುತ್ತದೆ ಎಂಬುದನ್ನು ನಿರ್ದೇಶಕರ ಗಮನಕ್ಕೆ ತನ್ನಿ. ಅಂದಹಾಗೆ, ಆಧಾರ್ ಕಾರ್ಡಿನ ಫೋಟೋ ತೆಗೆದ ಸಿಬ್ಬಂದಿಯ ಫೋನಿನ ಗ್ಯಾಲರಿಯಲ್ಲಿ ಆ ಫೋಟೋ ಹಾಗೇ ಉಳಿದಿರುತ್ತದೆ. ಫೋಲ್ಡರ್ ಎಷ್ಟು ಬಿಗಿ ಮಾಡಿದರೂ ಅದು ಬೇರೆಯೇ ಬಾಗಿಲು.

ಈಗ ನೀವು ಕೇಳಿದ ಆಯ್ಕೆಗಳಿಗೆ ಬರೋಣ.

ಖರ್ಚಿಲ್ಲದ ದಾರಿಯೆಂದರೆ ಸಂಘದ ಹೆಸರಿನಲ್ಲೇ ಒಂದು ಜಿಮೇಲ್ ಖಾತೆ ತೆರೆದು ಎಲ್ಲ ಕಡತಗಳ ಒಡೆತನವನ್ನು ಅದಕ್ಕೆ ತರುವುದು. ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಕೊಟ್ಟ ಮೇಲೆ ಕೇಳುವ ಎರಡನೆಯ ಪರಿಶೀಲನೆ, ಕಚೇರಿಯ ಫೋನಿಗೆ ಬರಬೇಕು, ಯಾರದೋ ಸ್ವಂತ ಫೋನಿಗಲ್ಲ. ಇಲ್ಲಿ ಜನ ಎಡವುವುದು ಒಂದೇ ಜಾಗದಲ್ಲಿ. ಫೋಲ್ಡರ್‌ನ ಒಡೆತನ ವರ್ಗಾಯಿಸಿದರೆ ಒಳಗಿನ ಕಡತಗಳ ಒಡೆತನ ವರ್ಗವಾಗುವುದಿಲ್ಲ. ಕಡತಗಳನ್ನು ಬೇರೆಯಾಗಿಯೇ ವರ್ಗಾಯಿಸಬೇಕು, ಪಡೆಯುವ ಖಾತೆಯಿಂದ ಒಪ್ಪಿಗೆಯನ್ನೂ ಒತ್ತಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್, ಫೋಟೋಗಳನ್ನು ಇಳಿಸಿಕೊಂಡು ಸಂಘದ ಖಾತೆಯಿಂದ ಮತ್ತೆ ಏರಿಸುವುದು ಕಡಿಮೆ ತಲೆನೋವಿನ ಕೆಲಸ.

ಹಾಗೆಂದು ಆ ಒಂದೇ ಪಾಸ್‌ವರ್ಡನ್ನು ಏಳು ಜನರಿಗೂ ಕೊಡಬೇಡಿ. ಕೊಟ್ಟರೆ ಆಕ್ಟಿವಿಟಿ ಪಟ್ಟಿಯಲ್ಲಿ ಎಲ್ಲ ಕೆಲಸವೂ ಸಂಘದ ಹೆಸರಿನಲ್ಲೇ ಕಾಣುತ್ತದೆ, ಯಾರು ಮಾಡಿದರು ಎಂಬುದು ಎಂದಿಗೂ ತಿಳಿಯದು. ಸಂಘದ ಖಾತೆ ಕಚೇರಿಯ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ತೆರೆದಿರಲಿ. ದಿನದ ಕೆಲಸ ಎಲ್ಲರೂ ತಮ್ಮ ಖಾತೆಯಿಂದಲೇ ಮಾಡಲಿ. ಆದರೆ ಏಪ್ರಿಲ್ ಮೊದಲ ವಾರದಲ್ಲೇ ಆ ಹಣಕಾಸು ವರ್ಷಕ್ಕೆ ಬೇಕಾದ ಎಲ್ಲ ವಹಿಗಳನ್ನೂ ಖಾಲಿಯಾಗಿಯೇ ಸಂಘದ ಖಾತೆಯಿಂದ ತೆರೆದಿಡಿ. ಸಿಬ್ಬಂದಿ ಹೊಸ ಕಡತ ಸೃಷ್ಟಿಸುವ ಪ್ರಮೇಯವೇ ಇಲ್ಲದಿದ್ದರೆ ಒಡೆತನ ಚದುರುವ ಪ್ರಮೇಯವೂ ಇಲ್ಲ. ಸಣ್ಣ ಸಂಸ್ಥೆಗಳಿಗೆ ನಾನು ಹೇಳುವ ಉಪಾಯಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಈ ದಾರಿಯ ಅಪಾಯಗಳೂ ಸ್ಪಷ್ಟ: ಒಂದು ಖಾತೆ ಬೀಗ ಬಿದ್ದರೆ ಎಲ್ಲಕ್ಕೂ ಬೀಗ, ಜಾಗ 15 ಜಿಬಿಯಷ್ಟೇ, ಪಾಸ್‌ವರ್ಡ್ ಬಲ್ಲ ವ್ಯಕ್ತಿ ಮುನಿಸಿಕೊಂಡು ಹೋದರೆ ಕಷ್ಟ. ಪಾಸ್‌ವರ್ಡ್ ಮತ್ತು ಫೋನ್ ಕೈಗೆ ಸಿಗದಾಗ ಬಳಸುವ ಬದಲಿ ಕೋಡುಗಳನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿ ಇಡಿ.

ಹಣ ಕೊಡುವ ದಾರಿ ಗೂಗಲ್ ವರ್ಕ್‌ಸ್ಪೇಸ್, ಅಂದರೆ ಸಂಸ್ಥೆಗಳಿಗೆಂದೇ ಇರುವ ಗೂಗಲ್‌ನ ಮೇಲ್ ಮತ್ತು ಡ್ರೈವ್ ಸೇವೆ. ಅದರಲ್ಲಿ ಶೇರ್ಡ್ ಡ್ರೈವ್ ಎಂಬ ಸೌಲಭ್ಯವಿದೆ. 2017ರಲ್ಲಿ ಟೀಮ್ ಡ್ರೈವ್ ಎಂಬ ಹೆಸರಿನಲ್ಲಿ ಬಂದದ್ದು ಇದೇ. ಅದರೊಳಗೆ ಯಾರು ಕಡತ ತೆರೆದರೂ ಒಡೆತನ ಸಂಸ್ಥೆಯದು. ನೌಕರರ ಖಾತೆಯನ್ನು ತೆಗೆದುಹಾಕಿದರೂ ಕಡತ ಅಲ್ಲೇ ಉಳಿಯುತ್ತದೆ. ನಿಮ್ಮ ಕಾಯಿಲೆಗೆ ನೇರ ಮದ್ದು ಇದು. ಅನುಮತಿಗಳೂ ಸೂಕ್ಷ್ಮವಾಗಿವೆ. ಕಾಂಟ್ರಿಬ್ಯೂಟರ್ ಎಂದು ಸೇರಿಸಿದವರು ಬರೆಯಬಹುದು, ತಿದ್ದಬಹುದು, ಹೊಸದು ಸೇರಿಸಬಹುದು, ಆದರೆ ಸರಿಸಲು ಅಥವಾ ಅಳಿಸಲು ಬರುವುದಿಲ್ಲ. ಖರೀದಿ ಕೇಂದ್ರದವರಿಗೆ ಅಷ್ಟೇ ಸಾಕು. ಶುಲ್ಕ ಪ್ರತಿ ಬಳಕೆದಾರರಿಗೆ ತಿಂಗಳ ಲೆಕ್ಕದಲ್ಲಿರುತ್ತದೆ, ಏಳು ಜನರಿಗೂ ಕೊಳ್ಳಬೇಕಾಗಿಯೂ ಇಲ್ಲ. ಕಚೇರಿಯ ಇಬ್ಬರು ಮೂವರಿಗೆ ಕೊಂಡು, ಉಳಿದವರನ್ನು ಅವರ ಜಿಮೇಲ್‌ನಿಂದಲೇ ಹೊರಗಿನ ಸದಸ್ಯರಾಗಿ ಶೇರ್ಡ್ ಡ್ರೈವ್‌ಗೆ ಸೇರಿಸಲು ನಿರ್ವಾಹಕರು ಅವಕಾಶ ಕೊಡಬಹುದು. ಎಲ್ಲ ಯೋಜನೆಗಳಲ್ಲೂ ಈ ಸೌಲಭ್ಯ ಒಂದೇ ಬಗೆಯಾಗಿರುವುದಿಲ್ಲ, ಆದ್ದರಿಂದ ಹಣ ಕಟ್ಟುವ ಮುನ್ನ ಶೇರ್ಡ್ ಡ್ರೈವ್ ಎಂಬ ಸಾಲನ್ನು ಹುಡುಕಿ ಓದಿ.

ಇದರಲ್ಲೂ ಎರಡು ಗುಂಡಿಗಳಿವೆ. ವರ್ಕ್‌ಸ್ಪೇಸ್ ಇದ್ದರೂ ನೌಕರರು ಶೇರ್ಡ್ ಡ್ರೈವ್ ಬಿಟ್ಟು ತಮ್ಮ ‘ಮೈ ಡ್ರೈವ್’ನಲ್ಲೇ ಕೆಲಸ ಮಾಡಿದ್ದರೆ ಹಳೆಯ ಕತೆಯೇ ಮರುಕಳಿಸುತ್ತದೆ. ಅವರ ಖಾತೆಯನ್ನು ಅಳಿಸುವ ಮುನ್ನ ಅದರಲ್ಲಿರುವುದನ್ನು ವರ್ಗಾಯಿಸಿಕೊಳ್ಳಬೇಕು. ಅಳಿಸಿದ ಖಾತೆಯನ್ನು ಮರಳಿ ತರಲು ನಿರ್ವಾಹಕರಿಗೆ ಸಿಗುವುದು 20 ದಿನ. ಎರಡನೆಯದು ಡೊಮೈನ್, ಅಂದರೆ ಸಂಸ್ಥೆಯ ಮೇಲ್ ಮತ್ತು ವೆಬ್‌ಸೈಟ್ ನಿಂತಿರುವ ಅಂತರ್ಜಾಲದ ಹೆಸರು. ಅದನ್ನು ವರ್ಷವರ್ಷ ನವೀಕರಿಸಬೇಕು, ಮತ್ತು ಅದು ಸಂಘದ ಹೆಸರಿನಲ್ಲೇ ನೋಂದಣಿಯಾಗಿರಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗರ ಹೆಸರಿನಲ್ಲಿ ಡೊಮೈನ್ ಇದ್ದು, ಅವರು ಫೋನ್ ಎತ್ತದೆ ಸಂಸ್ಥೆಯ ಮೇಲ್ ನಿಂತುಹೋದ ಪ್ರಸಂಗಗಳನ್ನು ಶಿವಮೊಗ್ಗದಲ್ಲೇ ಸಾಕಷ್ಟು ಕಂಡಿದ್ದೇನೆ.

ನಿಮ್ಮಲ್ಲಿ ಎಲ್ಲರೂ ಎಕ್ಸೆಲ್ ಬಿಟ್ಟು ಕದಲದವರಾದರೆ ಮೈಕ್ರೋಸಾಫ್ಟ್ 365 ಮತ್ತು ಟೀಮ್ಸ್ ಕೂಡ ಯೋಗ್ಯವೇ. ಟೀಮ್ಸ್‌ನ ಚಾನೆಲ್‌ನಲ್ಲಿ ಹಾಕಿದ ಕಡತ ಸಂಸ್ಥೆಯ ಕಡತಗಳನ್ನು ಇಡುವ ಶೇರ್‌ಪಾಯಿಂಟ್‌ಗೆ ಹೋಗಿ ಸಂಸ್ಥೆಯದಾಗುತ್ತದೆ, ಅಳಿಸಿದ್ದು 93 ದಿನ ಮರಳಿ ಸಿಗುತ್ತದೆ. ಆದರೆ ಒಬ್ಬರಿಗೊಬ್ಬರು ಚಾಟ್‌ನಲ್ಲಿ ಕಳಿಸಿದ ಕಡತ ಕಳಿಸಿದವರ ಸ್ವಂತ ಒನ್‌ಡ್ರೈವ್‌ನಲ್ಲಿ ಕೂರುತ್ತದೆ. ತಂತ್ರಾಂಶ ಬದಲಿಸಿದರೂ ಒಡೆತನದ ಪ್ರಶ್ನೆ ಬೆನ್ನು ಬಿಡುವುದಿಲ್ಲ.

ಕಚೇರಿಯಲ್ಲೇ ಸರ್ವರ್ ಎಂಬುದನ್ನು ನಿಮಗೆ ನಾನು ಸೂಚಿಸಲಾರೆ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಮೋಡೆಮ್ ಸುಡುವುದು, ಜುಲೈ ತಿಂಗಳ ತೇವಕ್ಕೆ ಯಂತ್ರದೊಳಗೆ ಬೂಷ್ಟು ಹಿಡಿಯುವುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಯಂತ್ರದ ಬೆಲೆಗಿಂತ ಅದನ್ನು ನೋಡಿಕೊಳ್ಳುವ ಮನುಷ್ಯ ತೀರ್ಥಹಳ್ಳಿಯಲ್ಲಿ ಸಿಗುವುದು ಕಷ್ಟ, ಮತ್ತು ಖರೀದಿ ಕೇಂದ್ರದವರು ಹೊರಗಿನಿಂದ ಅದನ್ನು ಸುರಕ್ಷಿತವಾಗಿ ತಲುಪುವಂತೆ ಮಾಡುವುದು ಪ್ರತ್ಯೇಕ ಕೆಲಸ. ಕಾಗದಕ್ಕೆ ಪೂರ್ತಿ ಮರಳುವುದೂ ಬೇಡ. ಸಹಿಯಾದ ನಡಾವಳಿ ಪುಸ್ತಕ ಮತ್ತು ತೂಕದ ಚೀಟಿಗಳನ್ನು ಮಾತ್ರ ಬಿಡಲೇಬೇಡಿ, ಡ್ರೈವ್‌ನಲ್ಲಿರುವುದು ಅವುಗಳ ಪ್ರತಿ.

ಯಾವ ದಾರಿ ಹಿಡಿದರೂ ಪ್ರತ್ಯೇಕ ಪ್ರತಿಯೊಂದು ಬೇಕು. ಹಂಚಿಕೆಯ ಫೋಲ್ಡರ್ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ ಎಂಬುದೇ ಅದರ ಗುಣ. ಕಂಪ್ಯೂಟರ್‌ನಲ್ಲಿ ಡ್ರೈವ್ ತಂತ್ರಾಂಶ ಹಾಕಿಕೊಂಡವರು ಜಾಗ ಮಾಡಲೆಂದು ಅಲ್ಲಿ ಅಳಿಸಿದರೆ ಗೂಗಲ್ ಡ್ರೈವ್‌ನಿಂದಲೂ ಹೋಗುತ್ತದೆ. ಇಲ್ಲಿ ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸಬೇಕು. ನಿಮ್ಮ ಕಂಪ್ಯೂಟರ್‌ನ ಡ್ರೈವ್ ಫೋಲ್ಡರ್‌ನಲ್ಲಿ ಕಾಣುವ ಯಾವುದಾದರೂ ಗೂಗಲ್ ಶೀಟ್‌ನ ಮೇಲೆ ಬಲ ಕ್ಲಿಕ್ ಮಾಡಿ ಗಾತ್ರ ನೋಡಿ. ಸಾವಿರಾರು ಸಾಲಿನ ವಹಿಯಾದರೂ ಗಾತ್ರ ಹೆಚ್ಚೆಂದರೆ ಒಂದು ಕೆಬಿ ಆಸುಪಾಸು ಇರುತ್ತದೆ. ಏಕೆಂದರೆ ಅದರೊಳಗೆ ವಹಿ ಇಲ್ಲ, ವಹಿಯ ವಿಳಾಸ ಮಾತ್ರ ಇದೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದವರು ಬ್ಯಾಕಪ್ ಆಯಿತೆಂದು ನೆಮ್ಮದಿಯಾಗಿರುತ್ತಾರೆ. ಮೂಲ ಅಳಿದ ದಿನ ಆ ವಿಳಾಸದಲ್ಲಿ ಏನೂ ಇರುವುದಿಲ್ಲ. ಗೂಗಲ್ ಟೇಕ್‌ಔಟ್ ಸೌಲಭ್ಯದಿಂದ ಇಳಿಸಿದರೆ ಶೀಟುಗಳು ನಿಜವಾದ ಎಕ್ಸೆಲ್ ಕಡತಗಳಾಗಿ ಬರುತ್ತವೆ. ಆದರೆ ಅದು ಇಳಿಸಿಕೊಡುವುದು ಆ ಖಾತೆಯ ಡ್ರೈವ್‌ನಲ್ಲಿರುವುದನ್ನು. ಇತರರು ಹಂಚಿದ್ದನ್ನೆಲ್ಲ ತಂದುಕೊಡುತ್ತದೆ ಎಂದು ನೆಚ್ಚಬೇಡಿ. ಒಡೆತನ ಸಂಘದ ಖಾತೆಗೆ ಬಂದ ಮೇಲೆ ಇದೂ ಸುಲಭವಾಗುತ್ತದೆ. ತಿಂಗಳಿಗೊಮ್ಮೆ ಇಳಿಸಿ, ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಆ ಡಿಸ್ಕನ್ನು ಕಚೇರಿಯಲ್ಲಿ ಇಡದೆ ಇನ್ನೊಂದು ಕಟ್ಟಡದಲ್ಲಿ ಇಡಿ. ಇಟ್ಟದ್ದನ್ನು ಆಗಾಗ ಒಂದೆರಡು ಕಡತ ತೆರೆದು ನೋಡಿ.

ಫೋಲ್ಡರ್‌ಗಳ ಜೋಡಣೆಯ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ನಾನು ಅಷ್ಟು ಮಹತ್ವ ಕೊಡುವುದಿಲ್ಲ. ಮೇಲಿನ ಹಂತದಲ್ಲಿ ಖರೀದಿ, ಸಭೆ, ಸಿಬ್ಬಂದಿ, ಸದಸ್ಯರ ದಾಖಲೆ ಎಂದು ನಾಲ್ಕೈದು ಇದ್ದು, ಒಳಗೆ ಹಣಕಾಸು ವರ್ಷದ ಪ್ರಕಾರ ಇದ್ದರೆ ಸಾಕು. ಲೆಕ್ಕಪರಿಶೋಧನೆ ಮುಗಿದ ವರ್ಷದ ಫೋಲ್ಡರನ್ನು ಎಲ್ಲರಿಗೂ ‘ನೋಡಲು ಮಾತ್ರ’ ಎಂದು ಬದಲಿಸಿ. ಕಡತದ ಹೆಸರಿನಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ‘2025-11-18 ಆಡಳಿತ ಮಂಡಳಿ ನಡಾವಳಿ’ ಎಂಬಂತೆ ಬರೆದರೆ ಅವು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಊರಿನ ಹೆಸರುಗಳನ್ನು ಒಂದೇ ರೀತಿ ಬರೆಯಿರಿ. ಒಬ್ಬರು ರಿಪ್ಪನ್‌ಪೇಟೆ, ಇನ್ನೊಬ್ಬರು ರಿಪ್ಪನಪೇಟೆ ಎಂದು ಬರೆದರೆ ಹುಡುಕುವ ಯಂತ್ರಕ್ಕೆ ಅವು ಎರಡು ಊರುಗಳು.

ನಿಮ್ಮಲ್ಲಿ ಹಳೆಯ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ನಡಾವಳಿಗಳು ಇದ್ದೇ ಇರುತ್ತವೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಆ ಕಡತಗಳನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಯಾರೋ ಅಳಿಸಿಬಿಡುವುದೂ ಉಂಟು. ಕೆಟ್ಟಿಲ್ಲ, ಅಕ್ಷರ ಸಂಕೇತ ಬೇರೆ ಅಷ್ಟೇ. ಮೂಲ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ತೆರೆದು ಒಂದು ಪಿಡಿಎಫ್ ಮಾಡಿಡಿ, ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿದ ಪ್ರತಿಯನ್ನೂ ಇಡಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವುದರಿಂದ ಸದಸ್ಯರ ಹೆಸರುಗಳನ್ನು ಕಣ್ಣಾರೆ ನೋಡಿ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದರೆ, ಏಳು ಜನರ, ಸದಸ್ಯರ ಹಣದ ಲೆಕ್ಕವಿರುವ ಸಂಘಕ್ಕೆ ಇಬ್ಬರು ಮೂವರ ವರ್ಕ್‌ಸ್ಪೇಸ್ ಮತ್ತು ಶೇರ್ಡ್ ಡ್ರೈವ್ ಸರಿಯಾದ ಖರ್ಚು ಎಂಬುದು ನನ್ನ ಅಭಿಪ್ರಾಯ. ಆಡಳಿತ ಮಂಡಳಿ ಒಪ್ಪುವವರೆಗೆ ಸಂಘದ ಹೆಸರಿನ ಉಚಿತ ಖಾತೆಯಿಂದ ಇದೇ ವಾರ ಆರಂಭಿಸಿ. ಅಲ್ಲಿ ಮಾಡಿದ ಕೆಲಸ ಮುಂದೆಯೂ ವ್ಯರ್ಥವಾಗುವುದಿಲ್ಲ. ಇನ್ನು ಮುಂದೆ ಯಾರೇ ಕೆಲಸ ಬಿಟ್ಟರೂ ಕೀಲಿಕೈ, ರಸೀದಿ ಪುಸ್ತಕಗಳನ್ನು ಹಿಂದಕ್ಕೆ ಪಡೆಯುವ ದಿನವೇ ಅವರ ಎದುರಿನಲ್ಲೇ ಅವರ ಒಡೆತನದ ಕಡತಗಳ ಪಟ್ಟಿ ತೆಗೆದು ವರ್ಗಾಯಿಸಿಕೊಳ್ಳಿ, ಆಮೇಲೆ ಅವರ ಅನುಮತಿಯನ್ನು ತೆಗೆಯಿರಿ.

ಲೆಕ್ಕಪರಿಶೋಧಕರಿಗೆ ಈಗ ಏನು ಹೇಳುವುದು ಎಂಬುದು ನಿಮ್ಮ ನಿಜವಾದ ಚಿಂತೆ ಇರಬಹುದು. ವಹಿ ಸಿಗದಿದ್ದರೆ ‘ಫೈನಲ್’ಗಳಲ್ಲಿ ಒಂದನ್ನು ಅಂದಾಜಿಗೆ ತಿದ್ದಿ ಒಪ್ಪಿಸುವ ಯೋಚನೆ ಬೇಡ. ಆ ವರ್ಷದ ತೂಕದ ಚೀಟಿಗಳು, ಪಾವತಿ ರಸೀದಿಗಳು, ಬ್ಯಾಂಕ್ ಖಾತೆಯ ಹಾಳೆಗಳನ್ನು ಮುಂದಿಟ್ಟುಕೊಂಡು ವಹಿಯನ್ನು ಹೊಸದಾಗಿ ಬರೆಯಿರಿ, ಅದು ಮರುಸೃಷ್ಟಿಸಿದ ವಹಿ ಎಂದು ಮೇಲೆಯೇ ನಮೂದಿಸಿ, ಮೂಲ ಹೇಗೆ ಕಳೆಯಿತು ಎಂಬುದನ್ನು ಆಕ್ಟಿವಿಟಿ ಪಟ್ಟಿಯ ಮುದ್ರಿತ ಪ್ರತಿಯೊಂದಿಗೆ ಆಡಳಿತ ಮಂಡಳಿಯ ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸಿ, ಆ ನಡಾವಳಿಯ ಪ್ರತಿಯನ್ನೇ ಅವರಿಗೆ ಕೊಡಿ.